ಬಸವನಿಗೆ ಬಾಗಿಲು ಹಾಕಿದವನು

ಅದಿರಿನ ಧೂಳು ಬಳ್ಳಾರಿಯ ಊಟದ ತಟ್ಟೆಗೂ ಬೀಳುತ್ತಿದ್ದ ಕಾಲ. ನಾನಿದ್ದ ಗಣಿ ಕಚೇರಿಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ. ಹಾಗಾಗಿ ಮೇಲ್ ಸರ್ವರ್ ಎಂಬ ಪೆಟ್ಟಿಗೆಗೂ ನಾನೇ ಒಡೆಯ!

ಬಸವರಾಜ ಎಂಬ ಲಾರಿ ಏಜೆಂಟ್, ತನ್ನ ಲಾರಿಗಳನ್ನೂ ಕೆಲಸಕ್ಕೆ ಹಚ್ಚಿರೆಂದು ನಮ್ಮ ಸಾಹುಕಾರರಿಗೆ ದಿನಕ್ಕೆ ಹತ್ತು ಮೇಲ್ ಕಳಿಸುತ್ತಿದ್ದ. ಅವನ ವಿಳಾಸ ತಡೆದೆ. ಹೆಸರಿಗೊಂದು ಅಂಕಿ ಸೇರಿಸಿ ಹೊಸ ವಿಳಾಸದಿಂದ ಬಂದ. ಅದನ್ನೂ ತಡೆದೆ. ಇನ್ನೊಂದು ಅಂಕಿ ಸೇರಿಸಿದ. ನನಗೂ ಹಟ ಬಂತು. ಕಳಿಸಿದವರ ವಿಳಾಸದಲ್ಲಿ ಎಲ್ಲೇ ಆಗಲಿ 'ಬಸವ' ಎಂದಿದ್ದರೆ ಬಾಗಿಲಿಂದಲೇ ಹಿಂದಕ್ಕೆ ಕಳಿಸು ಎಂದು ನಿಯಮ ಬರೆದೆ. ಅಷ್ಟಕ್ಕೇ ಬಿಡುವ ಜಾಯಮಾನ ನನ್ನದಲ್ಲ. ಹಿಂದಿರುಗುವ ಮೇಲಿಗೆ ಸ್ವಂತದ್ದೊಂದು ಸಾಲನ್ನೂ ಅಂಟಿಸಿದೆ: 'ನಿಮ್ಮ ಸಹವಾಸ ನಮಗೆ ಬೇಡ. ಮತ್ತೆ ಬರೆಯಬೇಡಿ.'

ಕಚೇರಿ ತಣ್ಣಗಾಯಿತು. ಸಾಹುಕಾರರು ಬೆನ್ನು ತಟ್ಟಿದರು.

ಅದೇ ದಿನಗಳಲ್ಲಿ ನನ್ನ ಹೆಂಡತಿ ಶಾಂತಾಳ ತಂಗಿಯನ್ನು ಸಿರುಗುಪ್ಪದ ಮೇಷ್ಟ್ರೊಬ್ಬರು ನನ್ನ ಅತ್ತೆಮನೆಯಿದ್ದ ಕುರುಗೋಡಿಗೆ ಬಂದು ನೋಡಿಹೋಗಿದ್ದರು. ಹುಡುಗಿಗೂ ಮನಸ್ಸಾಗಿತ್ತು. ಒಪ್ಪಿಗೆಯನ್ನು ಮೇಲ್ ಮಾಡಲಿ ಎಂದು ನನ್ನ ಕಚೇರಿಯ ವಿಳಾಸವನ್ನು ಜಂಬದಿಂದ ಕೊಟ್ಟವನು ನಾನೇ. ಎಂಟು ದಿನವಾದರೂ ಸುದ್ದಿಯಿಲ್ಲ. ಹೆಣ್ಣಿನ ಕಡೆಯವರು ತಾವಾಗಿ ಕೇಳುವಂತಿಲ್ಲ. ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಸುದ್ದಿ ಬಂತು. ಸರ್ವರ್ ಸರಿಯಾಗಿದೆ, ಹುಡುಗನ ಮನಸ್ಸೇ ಸರಿಯಿಲ್ಲ ಎಂದು ನಾನು ತೀರ್ಪು ಕೊಟ್ಟೆ.

ಒಂಬತ್ತನೇ ದಿನ ಶಾಂತಾ ನೇರ ಕಚೇರಿಗೇ ಬಂದಳು. ಹುಡುಗನ ತಂದೆ ಕುರುಗೋಡಿಗೆ ಹೋಗಿ, ಮಗನಿಗೆ ಬಂದ ಉತ್ತರದ ಪ್ರಿಂಟನ್ನು ನಮ್ಮ ಅತ್ತೆಯ ಕೈಗಿಟ್ಟು, ನೀರೂ ಕುಡಿಯದೆ ಹೊರಟುಹೋಗಿದ್ದರಂತೆ. ಆ ಪ್ರಿಂಟ್ ಈಗ ನನ್ನ ಮೇಜಿನ ಮೇಲಿತ್ತು. ಹುಡುಗನ ಹೆಸರು ಬಸವಲಿಂಗ!

"ಇದನ್ನ ಬರದೋರು ಯಾರ್ರಿ?"

"ಸರ್ವರ್," ಎಂದೆ.

"ಅದಕ್ಕ ಬರಿಯಾಕ ಕಲಿಸಿದೋರು ಯಾರು? ಕುರುಗೋಡಾಗ ಮನಿಗೊಬ್ಬ ಬಸವ ಅದಾನ. ಆ ಊರಿನ ಅಳಿಯ ಆಗಿ ಅಷ್ಟೂ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ಪ್ರತಿ ವರ್ಷ ಅಲ್ಲಿಯ ಬಸವೇಶ್ವರನ ಗುಡಿಗೆ ಹೋಗಿ ಕೈಮುಗಿಯುತ್ತಿದ್ದೆ.

ಆಕೆ ಪಕ್ಕದಲ್ಲೇ ನಿಂತು ಹುಡುಗನಿಗೆ ಕ್ಷಮಾಪಣೆ ಬರೆಸಿದಳು. ಕಳಿಸಿದೆ. ಅರೆ ನಿಮಿಷದಲ್ಲಿ ಉತ್ತರ ಬಂತು: 'ನಿಮ್ಮ ಸಹವಾಸ ನಮಗೆ ಬೇಡ. ಮತ್ತೆ ಬರೆಯಬೇಡಿ.' ಸಂಬಂಧ ಮುರಿಯಿತು ಎಂದುಕೊಂಡೆ. ಕಣ್ಣುಜ್ಜಿ ನೋಡಿದರೆ ಅದು ಹುಡುಗನ ಉತ್ತರವಲ್ಲ. ನಮ್ಮ ಸರ್ವರೇ ನನ್ನ ಪತ್ರವನ್ನು ತಡೆದಿತ್ತು. ಬೇರೆಯವರ ಮೇಲ್ ತಡೆಯುವ ಸಡಗರದಲ್ಲಿ ಅಷ್ಟು ದಿನ ನಾನೇ ಒಂದನ್ನೂ ಕಳಿಸಿರಲಿಲ್ಲ. ನನ್ನ ಹೆಸರು ಬಸವನಗೌಡ.

ಶಾಂತಾ ಆ ಸಾಲನ್ನು ಇನ್ನೊಮ್ಮೆ ಓದಿದಳು. "ಈ ಸಲ ಸರಿಯಾದ ಮನುಷ್ಯಾಗ ಹೇಳೈತಿ ಬಿಡ್ರಿ," ಎಂದಳು.

ನಿಯಮ ಅಳಿಸಿ, ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದೆವು. ನಾನು ಹೇಳಿದ್ದನ್ನೆಲ್ಲ ಕೇಳಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುವೆಯೂ ಆಯಿತು. ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವ ಕೆಲಸವನ್ನು ಮಾತ್ರ ನನಗೆ ಯಾರೂ ಕೊಡಲಿಲ್ಲ.