ಇಟಲಿಯ ಸಾಹೇಬರ ಪರಿಚಯ

ನಮ್ಮ ಕಡೆ ವೇದಿಕೆಯ ಮೇಲೆ ಕುಳಿತವರು ಯಾರೂ ಚುನಾವಣೆಯಲ್ಲಿ ಸೋತವರಲ್ಲ. ಕೆಳಗಿಳಿದು ಚಹಾದ ಅಂಗಡಿಗೆ ಬಂದರೆ ಯಾರು ಬಿದ್ದರು, ಯಾರು ಬೀಳಿಸಿದರು, ಯಾವ ಓಣಿ ಕೈಕೊಟ್ಟಿತು ಎಂಬುದೆಲ್ಲ ಎಲ್ಲರಿಗೂ ಬಾಯಿಪಾಠ. ಮೈಕಿನ ಮುಂದೆ ಮಾತ್ರ ಅವರೆಲ್ಲ ಹುಟ್ಟಿದಾಗಿನಿಂದ ಗೆಲ್ಲುತ್ತಲೇ ಬಂದವರು. ಈ ಪವಾಡ ಮಾಡುವವನು ಅತಿಥಿಗಳ ಪರಿಚಯ ಹೇಳುವವನು. ಆ ಕೆಲಸವನ್ನು ನಾನು ಇಪ್ಪತ್ತೈದು ವರ್ಷ ಮಾಡಿದ್ದೇನೆ ಎಂದು ಮೊದಲಿಗೇ ತಪ್ಪೊಪ್ಪಿಕೊಂಡುಬಿಡುತ್ತೇನೆ.

ಹೊಟ್ಟೆಪಾಡಿಗೆ ನಾನು ಅಥಣಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಹುಟ್ಟಿದ್ದು ರಾಯಬಾಗ ತಾಲೂಕಿನ ಅಲಖನೂರಿನಲ್ಲಿ. ಆದರೆ ಚಿಕ್ಕೋಡಿಯಿಂದ ಕಾಗವಾಡದವರೆಗೆ ನನ್ನನ್ನು ಜನ ಗುರುತಿಸುತ್ತಿದ್ದುದು ‘ಪರಿಚಯದ ಮಾಸ್ತರ’ ಎಂದು. ಸೊಸೈಟಿಯ ವಾರ್ಷಿಕ ಸಭೆ, ಶಾಲೆಯ ಹೊಸ ಕೋಣೆ, ಪಶು ಆಸ್ಪತ್ರೆಯ ಉದ್ಘಾಟನೆ, ಏನೇ ಇರಲಿ, ಜೀಪು ನನ್ನ ಮನೆಯ ಮುಂದೆ ಬಂದು ನಿಲ್ಲುತ್ತಿತ್ತು. ಈ ವಿದ್ಯೆಯ ಮೊದಲ ಪಾಠವನ್ನು ನಾನು ಪೆಟ್ಟು ತಿಂದೇ ಕಲಿತೆ. ಒಮ್ಮೆ ರಾಯಬಾಗದ ಸಭೆಯಲ್ಲಿ ಒಬ್ಬ ಹಿರಿಯರನ್ನು ‘ಮಾಜಿ ಚೇರ್ಮನ್ನರು’ ಎಂದು ಪರಿಚಯಿಸಿದೆ. ಅವರು ಆ ಕುರ್ಚಿಯಲ್ಲಿ ಕುಳಿತದ್ದು ಹನ್ನೊಂದು ತಿಂಗಳು, ಬಿಟ್ಟು ಹದಿನಾಲ್ಕು ವರ್ಷಗಳಾಗಿದ್ದವು. ಊಟದ ಪಂಕ್ತಿಯಲ್ಲಿ ನನ್ನನ್ನು ಹತ್ತಿರ ಕರೆದು, “ಮಾಸ್ತರ, ನಾ ಇನ್ನಾ ಜೀವಂತ ಅದೀನಲ್ಲ? ಮಾಜಿ ಅಂತ ಯಾಕ ಅಂದ್ರಿ?” ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. ಅಂದಿನಿಂದ ಆ ಶಬ್ದವನ್ನು ನಾನು ಅಮಂಗಲವೆಂದು ಬಿಟ್ಟೇಬಿಟ್ಟೆ. ಒಮ್ಮೆ ಅಧ್ಯಕ್ಷನಾದವನು ಸಾಯುವವರೆಗೆ ಅಧ್ಯಕ್ಷ. ಇದರಿಂದ ಯಾರ ಗಂಟೂ ಹೋಗುವುದಿಲ್ಲ ಎಂದೇ ತಿಳಿದಿದ್ದೆ. ಹೆಂಡತಿ ಮಾತ್ರ ನನ್ನ ಪರಿಚಯ ಭಾಷಣ ಕೇಳಿ ಬಂದಾಗಲೆಲ್ಲ, “ನಮ್ಮಪ್ಪಗ ನಿಮ್ಮನ್ನ ವರಾ ಅಂತ ಪರಿಚಯ ಮಾಡಿ ಕೊಟ್ಟಾಂವನೂ ನಿಮ್ಮಂಥಾಂವನ ಇರಬೇಕು” ಎನ್ನುತ್ತಿದ್ದಳು.

ಹೀಗಿರುವಾಗ, ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ, ಇಟಲಿಯ ಒಬ್ಬ ರಾಜಕಾರಣಿ ನಮ್ಮ ಸೀಮೆಗೆ ಬಂದರು. ಅಥಣಿ ಕಡೆಯ ಹಳ್ಳಿಗಳಲ್ಲಿ ಚರ್ಮದ ಚಪ್ಪಲಿ ಮಾಡುವವರು ಬಹಳ. ಕೊಲ್ಲಾಪುರದ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಜೋಡುಗಳು ನಮ್ಮವರ ಕೈಯಲ್ಲೇ ಹುಟ್ಟುತ್ತವೆ. ಗಂಡಸರು ಅಡಿಯ ಅಟ್ಟೆ ಕೊಯ್ಯುತ್ತಾರೆ, ಹೆಂಗಸರು ಬಾರು ಹೆಣೆಯುತ್ತಾರೆ. ಪಕ್ಕದ ಹಳ್ಳಿಯ ಹನ್ನೊಂದು ಹೆಂಗಸರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಅವರ ಹಿರಿಯಳು ರುಕ್ಮಾಬಾಯಿ. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಅವಳ ಇಬ್ಬರು ಹೆಣ್ಣುಮಕ್ಕಳಿಗೂ ಕನ್ನಡ ಕಲಿಸಿದವನು ನಾನೇ. ಕರಕುಶಲಿಗಳಿಗೆ ನೆರವಾಗುವ ಮುಂಬಯಿಯ ಒಂದು ಸಂಸ್ಥೆಯವರು ಇಟಲಿಯ ಸಾಹೇಬರನ್ನು ಈ ಸಂಘದ ಶೆಡ್ಡಿಗೆ ಕರೆತರುವವರಿದ್ದರು. ಪರಿಚಯಕ್ಕೆ ನಾನಲ್ಲದೆ ಇನ್ನಾರು?

ಸಾಹೇಬರ ಜೀವನ ವೃತ್ತಾಂತ ಇಂಗ್ಲಿಷಿನಲ್ಲಿ ಒಂದು ಹಾಳೆಯಾಗಿ ಎರಡು ದಿನ ಮೊದಲೇ ನನ್ನ ಕೈ ಸೇರಿತು. ಹೆಸರು ರೆಂಜೋ. ಚಪ್ಪಲಿ, ಬೂಟುಗಳ ಕಾರ್ಖಾನೆಗಳಿರುವ ಊರಿನವರು. ಕಾರ್ಖಾನೆಯಲ್ಲಿ ಕೆಲಸಗಾರ, ಕಾರ್ಮಿಕ ಸಂಘದ ಕಾರ್ಯದರ್ಶಿ, ಊರ ಪುರಸಭೆಯ ಸದಸ್ಯ. ಮುಂದೆ ಊರ ಮೇಯರ್ ಸ್ಥಾನಕ್ಕೆ ನಿಂತು ಸೋಲು. ಮತ್ತೆ ನಿಂತು ಗೆಲುವು. ಮತ್ತೆ ಸೋಲು. ನಡುವೆ ಅವರ ಪಕ್ಷವೇ ಕಣ್ಣುಮುಚ್ಚಿದ್ದರಿಂದ ಬೇರೆ ಪಕ್ಷ. ಆಮೇಲೆ ನಮ್ಮ ರಾಜ್ಯ ಸರಕಾರದಂಥ ಅವರ ಪ್ರಾಂತ ಸರಕಾರದಲ್ಲಿ ಸಣ್ಣ ಕಸುಬುಗಳ ಖಾತೆಯ ಮಂತ್ರಿ. ಕೊನೆಯ ಸಾಲು: ಈ ವರ್ಷದ ಚುನಾವಣೆಯಲ್ಲಿ ಪರಾಭವ, ಸದ್ಯ ಯಾವ ಹುದ್ದೆಯಲ್ಲೂ ಇಲ್ಲ.

ಓದಿ ನಾನು ಬೆರಗಾದೆ. ತನ್ನ ಸೋಲುಗಳನ್ನು ತಾನೇ ಬರೆದು ಕಳಿಸುವ ರಾಜಕಾರಣಿಯನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಯಾರೋ ವೈರಿಗಳು ಟೈಪು ಮಾಡಿರಬೇಕು ಎಂದೂ ಒಂದು ಕ್ಷಣ ಅನ್ನಿಸಿತು. ಕನ್ನಡಕ್ಕಿಳಿಸಲು ಕುಳಿತಾಗ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಮೊದಲಿನ ಎರಡೂ ಸೋಲು ಹೋದವು. ಪಕ್ಷ ಬದಲಿಸಿದ್ದು ‘ಪಕ್ಷಾತೀತ ವ್ಯಕ್ತಿತ್ವ’ವಾಯಿತು. ಕೊನೆಯ ಸಾಲಿನ ಮೇಲೆ ಪೆನ್ನು ಸ್ವಲ್ಪ ತಡೆದದ್ದು ನಿಜ. ಮನೆಗೆ ಬಂದ ಅತಿಥಿ, ಅದೂ ಏಳು ಸಮುದ್ರ ದಾಟಿ ಬಂದವನು. ಅವನಿಗೆ ಆರತಿ ಎತ್ತುವ ಹೊತ್ತಿಗೆ ‘ಇವರು ಈಗಷ್ಟೇ ಬಿದ್ದು ಬಂದಿದ್ದಾರೆ’ ಎನ್ನುವುದು ಯಾವ ಸಂಸ್ಕಾರ? ಹೊಡೆದು ಹಾಕಿದೆ.

ಕಾರ್ಯಕ್ರಮದ ಬೆಳಿಗ್ಗೆ ರುಕ್ಮಾಬಾಯಿ ಶೆಡ್ಡಿನ ಹಿಂದೆ ನನ್ನನ್ನು ತಡೆದು ನಿಲ್ಲಿಸಿದಳು. ನಿಪ್ಪಾಣಿಯ ಒಬ್ಬ ಶೇಠ್ ಅವರಿಗೆ ಪ್ರತಿ ವರ್ಷ ಚರ್ಮ ಕೊಟ್ಟು, ಮಳೆಗಾಲ ಹಿಡಿಯುವ ಮೊದಲು ಜೋಡು ಎತ್ತಿಕೊಂಡು ಹೋಗುತ್ತಿದ್ದ. ಮಳೆ ಬಿತ್ತೆಂದರೆ ಚರ್ಮದ ಚಪ್ಪಲಿ ಕೇಳುವವರಿಲ್ಲ. ಆದ್ದರಿಂದ ಬೇಸಿಗೆಯ ಆ ಕೆಲಸವೇ ಹನ್ನೊಂದು ಮನೆಗಳ ವರ್ಷದ ಅನ್ನ. ಇಟಲಿಯವರಿಗೆ ಜೋಡು ಮಾಡಲು ಕುಳಿತರೆ ಶೇಠನ ಕೆಲಸ ಬಿಡಬೇಕು. ಬಿಟ್ಟರೆ ಅವನು ಬೇರೆ ಊರಿಗೆ ಹೋಗುತ್ತಾನೆ.

“ಮಾಸ್ತರ, ಖರೆ ಹೇಳ್ರಿ,” ಎಂದಳು. “ಈ ಸಾಹೇಬನ ಕೈಯಾಗ ಏನರ ಐತೇನ್ರಿ? ಹನ್ನೊಂದ ಮನಿ ಮಂದಿ ನನ್ನ ಮಾರಿ ನೋಡಾಕತ್ತಾರ. ನಾ ಅವರಿಗಿ ಏನಂತ ಹೇಳ್ಲಿ?”

ಹಾಳೆ ನನ್ನ ಕಿಸೆಯಲ್ಲೇ ಇತ್ತು. “ಮಂತ್ರಿ ಅದಾರವಾ, ಮಂತ್ರಿ! ಅವರ ಕೈಯಾಗ ಇಲ್ಲಂದ್ರ ಯಾರ ಕೈಯಾಗ ಇರತೈತಿ?” ಎಂದುಬಿಟ್ಟೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಇಪ್ಪತ್ತೈದು ವರ್ಷದ ರೂಢಿ ನಾಲಿಗೆಯ ತುದಿಯಲ್ಲಿ ಕುಳಿತು ಮಾತಾಡಿತು. ಇಂದಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಸಾಹೇಬರು ಬಂದರು. ಬೋಳುತಲೆ, ದಪ್ಪ ಮೀಸೆ, ಬಿಸಿಲಿಗೆ ಟೊಮೆಟೊ ಹಣ್ಣಿನಂತಾದ ಮುಖ. ಜರಿ ರುಮಾಲು ಸುತ್ತಿದ ಮೇಲೆ ನಮ್ಮ ಸತ್ತಿ ಊರಿನ ಗೌಡರ ಬೀಗರೇ ಎನ್ನಬೇಕು, ಹಾಗೆ ಕಾಣಿಸಿದರು. ನಾನು ಹದಿನೈದು ನಿಮಿಷ ಪರಿಚಯ ಮಾಡಿದೆ. ಚಪ್ಪಾಳೆಯೋ ಚಪ್ಪಾಳೆ. ಮುಂಬಯಿಯಿಂದ ಬಂದಿದ್ದ ದುಭಾಷಿ ಹುಡುಗಿಗೆ ಇಟಾಲಿಯನ್ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು, ಕನ್ನಡ ಮಾತ್ರ ಬರುತ್ತಿರಲಿಲ್ಲ. ಹೀಗಾಗಿ ಸಾಹೇಬರು ಮಾತಾಡಿದ್ದನ್ನು ಅವಳು ಇಂಗ್ಲಿಷಿಗೆ ತರುವುದು, ನಾನು ಅದನ್ನು ಕನ್ನಡಕ್ಕೆ ತರುವುದು ಎಂದು ಏರ್ಪಾಡಾಗಿತ್ತು.

ಸಾಹೇಬರು ಮೊದಲ ಮಾತಿನಲ್ಲೇ, “ನಾನು ಈಗ ಯಾವ ಅಧಿಕಾರದಲ್ಲೂ ಇಲ್ಲ, ನಿಮಗೆ ಏನನ್ನೂ ಕೊಡಿಸಲಾರೆ, ನಿಮ್ಮ ಕೆಲಸ ನೋಡಲು ಬಂದ ಹಳೆಯ ಕೆಲಸಗಾರ ಅಷ್ಟೆ” ಎಂದರು. ಹುಡುಗಿ ಇದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಹಾಳೆ ಓದಿದ್ದರೂ ನನ್ನ ಕಿವಿಗೆ ಅದು ಹೇಗೆ ಬಿತ್ತು ಗೊತ್ತೆ? ನಮ್ಮ ಮುಖಂಡರೂ ಮೈಕು ಹಿಡಿದರೆ ‘ನಾನು ದೊಡ್ಡವನಲ್ಲ, ನಿಮ್ಮ ಮನೆಯ ಮಗ, ನನ್ನ ಕೈಯಲ್ಲಿ ಏನಿದೆ, ಎಲ್ಲ ನಿಮ್ಮ ಆಶೀರ್ವಾದ’ ಎಂದೇ ಶುರು ಮಾಡುವುದು. ಅದನ್ನು ಯಾರಾದರೂ ನಂಬುತ್ತಾರೆಯೇ? ಹಾಗೆ ಅಂದಷ್ಟೂ ಮನುಷ್ಯನ ಕೈ ಉದ್ದ ಎಂದು ಲೆಕ್ಕ. ಆಹಾ, ವಿನಯ ಎಂಬುದು ಇಟಲಿಯಲ್ಲೂ ಇದೆಯಲ್ಲ ಎಂದು ಹಿಗ್ಗಿದೆ. “ಅಧಿಕಾರ ನನಗೆ ದೊಡ್ಡದಲ್ಲ, ನಿಮ್ಮಂಥ ಶ್ರಮಿಕರೇ ನನಗೆ ದೊಡ್ಡವರು ಎನ್ನುತ್ತಿದ್ದಾರೆ!” ಎಂದು ಎತ್ತರದ ದನಿಯಲ್ಲಿ ಕನ್ನಡಿಸಿದೆ. ಮತ್ತೆ ಚಪ್ಪಾಳೆ. ಸಾಹೇಬರು ತಾವು ಅಧಿಕಾರ ಕಳೆದುಕೊಂಡದ್ದಕ್ಕೆ ಇಷ್ಟು ಚಪ್ಪಾಳೆಯೇ ಎಂದು ಕಣ್ಣರಳಿಸಿ ನೋಡಿದರು. ಮುಂದೆ ಅವರು, ಒಂದೆರಡು ಮಾದರಿ ಜೋಡು ಕೊಟ್ಟರೆ ಊರಿನ ಗೆಳೆಯರಿಗೆ ತೋರಿಸುತ್ತೇನೆ ಎಂದರು. ಅದೂ ನನ್ನ ಬಾಯಲ್ಲಿ ಹಾಯ್ದು ಬರುವಷ್ಟರಲ್ಲಿ, ಮಾಡಲು ಶುರು ಮಾಡಿ, ಇಡೀ ಇಟಲಿ ಕಾಯುತ್ತಿದೆ ಎಂದಾಯಿತು.

ಎಲ್ಲ ಮುಗಿದ ಮೇಲೆ ಸಾಹೇಬರು ನೆಲದ ಮೇಲೆ ರುಕ್ಮಾಬಾಯಿಯ ಪಕ್ಕ ಕುಳಿತು, ಅವಳ ಹೆಣಿಗೆಯನ್ನು ಬೆರಳಿನಿಂದ ಸವರಿ ನೋಡಿ, ತಾವೂ ಒಂದು ಬಾರು ಹೆಣೆದು ತೋರಿಸಿದರು. ಅವಳು ಅದನ್ನು ತಿರುಗಿಸಿ ನೋಡಿ, “ಕಸಬಿನಾಂವನ ಅದಾನ” ಎಂದಳು. ಆ ದಿನ ಆ ಮನುಷ್ಯನ ಪರಿಚಯವನ್ನು ಸರಿಯಾಗಿ ಮಾಡಿದವಳು ಅವಳೊಬ್ಬಳೇ.

ಹೆಂಗಸರು ಶೇಠನ ಚರ್ಮ ವಾಪಸು ಕಳಿಸಿ, ಬೇರೆ ಚರ್ಮ ತಂದು, ಸಾಹೇಬರ ಪಾದ ನೋಡಿ ಊಹಿಸಿದ ಇಟಲಿಯ ಅಳತೆಗೆ ಜೋಡು ಮಾಡಲು ಕುಳಿತರು. ಚೈತ್ರ ಹೋಯಿತು, ವೈಶಾಖ ಹೋಯಿತು. ಶೆಡ್ಡಿನಲ್ಲಿ ಹಿಮ್ಮಡಿ ಕಿರಿದಾದ ಚಪ್ಪಲಿಗಳು ಗೋಡೆಯುದ್ದಕ್ಕೂ ಸಾಲುಹಿಡಿದವು. ನಮ್ಮವರ ಬರಿಗಾಲಲ್ಲಿ ಬೆಳೆದ ಪಾದಗಳಿಗೆ ಅವು ಯಾವ ಕಾಲಕ್ಕೂ ಹೊಂದುವಂತಿರಲಿಲ್ಲ. ಕೊನೆಗೆ ಮುಂಬಯಿಯ ಹುಡುಗಿಯ ಕಾಗದ ಬಂತು, ಜೊತೆಗೆ ಸಾಹೇಬರದೂ ಒಂದು. ತಾವು ಒಯ್ದ ಮಾದರಿ ಜೋಡುಗಳನ್ನು ಗೆಳೆಯರಿಗೆ ತೋರಿಸಿದ್ದಾಗಿಯೂ, ಎಲ್ಲರೂ ಮೆಚ್ಚಿದ್ದಾಗಿಯೂ, ಆದರೆ ಯಾರೂ ಬೇಡಿಕೆ ಕೊಡಲಿಲ್ಲವೆಂದೂ ಬರೆದಿದ್ದರು. ‘ನನಗೆ ಯಾವ ಅಧಿಕಾರವೂ ಇಲ್ಲ ಎಂದು ಸಭೆಯಲ್ಲೇ ಹೇಳಿದ್ದೆನಲ್ಲ, ಆದರೂ ಅಷ್ಟು ಪ್ರೀತಿಯಿಂದ ಕಂಡಿರಿ, ಅದನ್ನು ಮರೆಯಲಾರೆ’ ಎಂದಿತ್ತು ಕೊನೆಯಲ್ಲಿ. ಅದನ್ನು ನಾನು ಮೂರು ಸಲ ಓದಿದೆ. ಹೆಂಡತಿ ಒಂದೇ ಸಲ ಓದಿದಳು. ಓದಿ ಮಡಚಿ ನನ್ನ ಊಟದ ತಾಟಿನ ಪಕ್ಕ ಇಟ್ಟಳು.

ಮರುದಿನ ಶೆಡ್ಡಿಗೆ ಹೋಗಿ ರುಕ್ಮಾಬಾಯಿಗೆ ಎಲ್ಲವನ್ನೂ ಹೇಳಿದೆ. ಹಾಳೆಯಲ್ಲಿ ಇದ್ದದ್ದು, ನಾನು ಹೊಡೆದು ಹಾಕಿದ್ದು, ಅವಳು ಕೇಳಿದಾಗಲೂ ಹೇಳದೆ ಹೋದದ್ದು, ಎಲ್ಲ. ಅವಳು ಕೈಯಲ್ಲಿದ್ದ ಬಾರನ್ನು ಕೆಳಗಿಟ್ಟಳು.

“ಅಂವಾ ಸೋತಾನಂತ ಹೇಳಿದ್ದರ ನಾವೇನು ಚಾ ಕುಡಸದ ಕಳಸತಿದ್ದಿವೇನ್ರಿ ಮಾಸ್ತರ?” ಎಂದಳು. “ಇನ್ನೊಂದ ಕಪ್ಪ ಜಾಸ್ತಿ ಕುಡಸತಿದ್ದಿವಿ. ಶೇಠನ ಕೆಲಸ ಅಷ್ಟ ಬಿಡತಿದ್ದಿಲ್ಲ.”

ಅವಳೇ ಎದ್ದು ಸೆರಗು ಸರಿಪಡಿಸಿಕೊಂಡು, “ನಡೀರಿ ನಿಪ್ಪಾಣಿಗಿ. ಶೇಠನ ಮುಂದ ನೀವ ಹೇಳಬೇಕು. ನಾ ಹೇಳಿದ್ರ ಆಶಾಕ ಬಿದ್ದು ಕೆಲಸ ಬಿಟ್ಟ ಹೋದ್ರು ಅಂತಾನ” ಎಂದಳು.

ಬಸ್ಸು ಚಿಕ್ಕೋಡಿ ದಾಟಿ ನಿಪ್ಪಾಣಿ ಮುಟ್ಟುವವರೆಗೆ ನಾನು ಮಾತು ಜೋಡಿಸುತ್ತಲೇ ಇದ್ದೆ. ಶೇಠನ ಅಂಗಡಿಯಲ್ಲಿ ಅವೆಲ್ಲ ಉಪಯೋಗಕ್ಕೆ ಬರಲಿಲ್ಲ. ಅವನು ರುಕ್ಮಾಬಾಯಿಯತ್ತ ನೋಡದೆ ನನ್ನನ್ನೇ, “ಆಪಣ್ ಕೋಣ್? ನೀವ್ಯಾರ್ರಿ?” ಎಂದು ಕೇಳಿದ. ಸುತ್ತಲಿನ ತಾಲೂಕುಗಳ ಗಣ್ಯರನ್ನೆಲ್ಲ ಪರಿಚಯಿಸಿದ ನನಗೆ ನನ್ನನ್ನು ಪರಿಚಯಿಸಿಕೊಳ್ಳುವ ಪ್ರಸಂಗ ಅದುವರೆಗೆ ಬಂದಿರಲಿಲ್ಲ.

“ನಾ ಇವರ ಊರ ಕಡೀ ಮಾಸ್ತರರಿ,” ಎಂದೆ. “ಇವರು ನಿಮ್ಮ ಕೆಲಸ ತಾವಾಗಿ ಬಿಟ್ಟಿಲ್ರಿ. ಕೇಳಿದಾಗ ನಾ ಸುಳ್ಳ ಹೇಳಿದೆ, ಇವರು ನಂಬಿದ್ರು. ತಪ್ಪ ನಂದು. ಇವರ ಕೈಗೆಲಸದಾಗ ಎಂದೂ ತಪ್ಪಿಲ್ಲ, ಅದು ನಿಮಗ ಗೊತ್ತೈತಿ.”

ಶೇಠ್ ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿದ. “ಇದು ಖರೇನ ಇರಬೇಕು ಬಿಡ್ರಿ,” ಎಂದ. “ಶಾಣ್ಯಾ ಮನಷ್ಯಾ ತನ್ನ ಬಗ್ಗೆ ಇಂಥಾ ಸುಳ್ಳ ಹೇಳಾಂಗಿಲ್ಲ.” ಆದರೆ ಈ ಸಲದ ಕೆಲಸವನ್ನು ಅಕ್ಕೋಳದ ಕಡೆಯವರಿಗೆ ಕೊಟ್ಟಾಗಿತ್ತು. ಮಳೆಯೂ ತಲೆಯ ಮೇಲೆ ಬಂದಿತ್ತು. ದೀಪಾವಳಿಯ ನಂತರ ಅರ್ಧ ಕೆಲಸ ಕೊಡುತ್ತೇನೆ, ಉಳಿದರ್ಧ ಆಮೇಲೆ ನೋಡೋಣ ಎಂದ. ಅಂದರೆ ಹನ್ನೊಂದು ಮನೆಯವರೂ ಆ ಮಳೆಗಾಲವನ್ನು ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು ದೂಡಬೇಕು. ದೂಡಿದರು. ಆ ನಾಲ್ಕು ತಿಂಗಳು ಗದ್ದೆಯ ದಾರಿ ಬಿಟ್ಟು ನಾನು ಸುತ್ತು ಬಳಸಿ ಶಾಲೆಗೆ ಹೋಗುತ್ತಿದ್ದೆ.

ಅಂದು ತಿರುಗಿ ಬರುವಾಗ ಬಸ್ಸಿನಲ್ಲಿ ರುಕ್ಮಾಬಾಯಿ ಕಿಟಕಿಯ ಕಡೆ ಕುಳಿತಿದ್ದಳು. “ಇವತ್ತ ಚಂದ ಮಾತಾಡಿದ್ರಿ, ಮಾಸ್ತರ” ಎಂದಳು. ಇನ್ನೂ ಏನಾದರೂ ಅಂದಾಳೆಂದು ಕಾದೆ. ಅವಳು ಕಂಬಿಗೆ ತಲೆಯಾನಿಸಿ ನಿದ್ದೆಹೋದಳು. ಪಕ್ಕದಲ್ಲಿ ಕುಳಿತ ನಾನು ಪಶ್ಚಾತ್ತಾಪ ಪಡುತ್ತಿದ್ದೆ ಎಂದು ಬರೆಯಲು ಬಹಳ ಆಸೆಯಾಗುತ್ತದೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕಬ್ಬೂರು ದಾಟುವ ಹೊತ್ತಿಗೆ ನಾನು, ‘ತಪ್ಪ ನಂದು’ ಎಂಬಲ್ಲಿ ಇನ್ನೊಂದಿಷ್ಟು ತಡೆದು ನಿಂತಿದ್ದರೆ ಮಾತು ಇನ್ನೂ ರಂಗೇರುತ್ತಿತ್ತಲ್ಲವೇ ಎಂದು ಯೋಚಿಸುತ್ತಿದ್ದೆ.