ಮೂರನೇ ಮಹಡಿಯಲ್ಲಿ ನಲವತ್ತು ಎಕರೆ

ನಲವತ್ತು ಎಕರೆ ಆಳಿದ ಹೆಂಗಸನ್ನು ತಂದು ನೈರೋಬಿಯ ಕಿಲೆಲೆಶ್ವಾದಲ್ಲಿ ಮೂರನೇ ಮಹಡಿಯ ಫ್ಲಾಟಿನಲ್ಲಿ ಕೂರಿಸಿದರೆ ಏನೇನು ಆಗಬಹುದೋ ಅದೆಲ್ಲ ನಮ್ಮ ಮನೆಯಲ್ಲಿ ಆಗುತ್ತಿತ್ತು, ವಾರಕ್ಕೆ ಒಂದಾದರೂ.

ಆ ಹೆಂಗಸು ನನ್ನ ಅತ್ತೆ. ಮಂಗಳೂರಿನ ಕಡೆಯವರು. ಹತ್ತೊಂಬತ್ತನೇ ವಯಸ್ಸಿಗೆ ಹಡಗು ಹತ್ತಿ ಮೊಂಬಾಸಾಕ್ಕೆ ಬಂದು, ಅಲ್ಲಿಂದ ರೈಲು, ಆಮೇಲೆ ಲಾರಿ ಹಿಡಿದು ಕಿಟಾಲೆಯಾಚೆಯ ಮೆಕ್ಕೆಜೋಳದ ಸೀಮೆ ಸೇರಿದವರು. ಮಾವ ಟ್ರಾಕ್ಟರ್ ಮೆಕ್ಯಾನಿಕ್. ಯಾವನೋ ಬಿಳಿ ದೊರೆ ಬಿಟ್ಟುಹೋಗಿ ಪೊದೆ ಬೆಳೆದಿದ್ದ ನಲವತ್ತು ಎಕರೆಯನ್ನು ಅವರು ಕೊಂಡಾಗ, ಆ ಸೀಮೆಯಲ್ಲಿ ನಮ್ಮ ಕಡೆಯ ಹೆಂಗಸು ಅಂತ ಇದ್ದದ್ದು ಅತ್ತೆ ಒಬ್ಬರೇ. ಪೊದೆ ಕಡಿಸಿದ್ದು, ಮಣ್ಣಿನ ಗೋಡೆ ಎಬ್ಬಿಸಿದ್ದು, ನಾಲ್ಕು ಮಕ್ಕಳನ್ನು ಸಾಕಿದ್ದು ಎಲ್ಲ ಅವರೇ. ಮಾವ ಸದಾ ಯಾವುದಾದರೊಂದು ಟ್ರಾಕ್ಟರಿನ ಅಡಿಯಲ್ಲಿ ಮಲಗಿರುತ್ತಿದ್ದರಂತೆ. ಸ್ವಾಹಿಲಿಯಲ್ಲಿ ಹೊಲಕ್ಕೆ ಶಾಂಬಾ, ಅಮ್ಮನಿಗೆ ಮಾಮಾ ಅನ್ನುತ್ತಾರೆ. ಆ ಊರಿನವರು ಅತ್ತೆಯನ್ನು ಮಾಮಾ ಶಾಂಬಾ ಅಂತಲೇ ಕರೆಯುತ್ತಿದ್ದದ್ದು.

ಮಾವ ತೀರಿಕೊಂಡ ಮೇಲೆ ಹೊಲ ಮಾರಿ ಅತ್ತೆಯನ್ನು ನೈರೋಬಿಗೆ ಕರೆತಂದೆವು. ನಾನು ಮೈಸೂರಿನವಳು, ಇಲ್ಲಿಯ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಮಗನ ಜೊತೆ ಅವರದು ಕೊಂಕಣಿ. ನನ್ನ ಕೊಂಕಣಿ ಕೇಳಿ ಒಮ್ಮೆ ನಗು ತಡೆಯಲಾಗದೆ ಊಟ ಬಿಟ್ಟು ಎದ್ದರು. ಅಂದಿನಿಂದ ನಮ್ಮಿಬ್ಬರ ನಡುವೆ ಕನ್ನಡವೇ ಗಟ್ಟಿಯಾಯಿತು.

ಬಾಲ್ಕನಿ

ಬಂದ ಎರಡನೇ ವಾರ. ನಾನು ಶಾಲೆಯಿಂದ ಬಂದು ಬಟ್ಟೆ ಹರವಲು ಬಾಲ್ಕನಿಗೆ ಹೋದರೆ ಕಾಲಿಡಲು ಜಾಗವಿಲ್ಲ. ಹನ್ನೊಂದು ಪೇಂಟ್ ಡಬ್ಬ, ಅವುಗಳ ತುಂಬ ಮಣ್ಣು, ಮಣ್ಣಿನ ತುಂಬ ಮೆಕ್ಕೆಜೋಳದ ಬೀಜ. ಸಸಿ ಮೊಣಕಾಲೆತ್ತರ ಬರುವ ಹೊತ್ತಿಗೆ ಕಟ್ಟಡದ ಕೇರ್‌ಟೇಕರ್ ಬಂದ.

"ಮಾಮಾ, ಫ್ಲಾಟಿನಲ್ಲಿ ಶಾಂಬಾ ಮಾಡುವ ಹಾಗಿಲ್ಲ."

"ಇದು ಶಾಂಬಾ ಅಲ್ಲ ಮಗಾ, ಹೂಕುಂಡ."

"ಹೂ ಎಲ್ಲಿದೆ?"

"ಜೋಳಕ್ಕೂ ಹೂ ಬರುತ್ತದೆ. ಎಂಟು ವಾರ ತಡಿ."

ಅವನು ತಡೆಯಲಿಲ್ಲ, ಹೋಗಿ ಮಾಲಕಿಗೆ ದೂರು ಕೊಟ್ಟ. ನ್ಯೇರಿ ಕಡೆಯ ವಯಸ್ಸಾದ ಹೆಂಗಸು ಆಕೆ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವರು ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿದರು. "ಇದೆಂಥ ಮಣ್ಣು? ಇದರಲ್ಲಿ ಏನು ಬೆಳೆದೀತು?" ಅಂದರು. ಅತ್ತೆಗೆ ನೈರೋಬಿಯಲ್ಲಿ ಮೊದಲ ಬಾರಿ ಮಾತು ತಿಳಿಯುವವರು ಸಿಕ್ಕಿದ್ದರು. ಇಬ್ಬರೂ ಎರಡು ಗಂಟೆ ಕೂತು ಚಹಾ ಕುಡಿದರು.

ಮಾರನೇ ವಾರ ಮಾಲಕಿಯ ಊರಿನಿಂದ ಕೊಟ್ಟಿಗೆ ಗೊಬ್ಬರ ಬಂತು, ಎರಡು ಮೂಟೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಎರಡನೇ ಮೂಟೆ ಇಳಿಸಿದ ಕೇರ್‌ಟೇಕರ್ ಗೋಡೆಗೆ ಒರಗಿ ನನಗೆ ಹೇಳಿದ: "ಮೇಡಂ, ಇನ್ನೊಂದು ಸಲ ನಾನು ದೂರು ಕೊಡಲು ಹೊರಟರೆ ದಯವಿಟ್ಟು ನನ್ನನ್ನು ತಡೆಯಿರಿ."

ಸಂಜೆ ಹೊತ್ತು ಅತ್ತೆ ಆ ಡಬ್ಬಗಳ ನಡುವೆ ಒಂದು ಗಿಡ್ಡ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಕುರ್ಚಿ ತರಲಾ ಅಂದೆ. ಬೇಡ ಅಂದರು. "ಇಷ್ಟು ತಗ್ಗಿನಲ್ಲಿ ಕೂತರೆ ಎದುರಿನ ಬಿಲ್ಡಿಂಗ್ ಕಾಣುವುದಿಲ್ಲ, ನೋಡು."

ಬೆಲ್ಟ್

ಮಟಾಟು ಅಂದರೆ ಇಲ್ಲಿಯ ಬಾಡಿಗೆ ವ್ಯಾನು, ಅವುಗಳಲ್ಲಿ ಸೀಟ್ ಬೆಲ್ಟ್ ಕಡ್ಡಾಯ ಮಾಡಿದ್ದ ಹೊಸತು. ಅತ್ತೆಗೆ ಒಂದು ಕೋಳಿ ಬೇಕಿತ್ತು. ಸಾರಿಗಲ್ಲ. "ದಿನವಿಡೀ ಕಾಲಿಗೆ ಏನೂ ತೊಡರುವುದಿಲ್ಲ ಮಾರಾಯ್ತಿ. ಅದು ಮನೆಯಾ?" ಅಂದರು. ನಾವಿಬ್ಬರೂ ಪಂಗಾನಿ ಕಡೆ ಹೋಗಿ ಕೆಂಪು ಹೇಂಟೆಯೊಂದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಮಟಾಟು ಹತ್ತಿದೆವು.

ಕೆಳಗಿಡಿ ಅಂದ ಕಂಡಕ್ಟರ್. ಎಂಜಿನ್ನಿನ ಬಿಸಿಗೆ ಅದರ ಕಾಲು ಬೇಯುತ್ತದೆ ಅಂದರು ಅತ್ತೆ, ಅದಕ್ಕೂ ಒಂದು ಟಿಕೆಟ್ ತೆಗೆದು ಪಕ್ಕದ ಸೀಟಿನಲ್ಲಿ ಕೂರಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಪೊಲೀಸ್ ಇದ್ದಾರೆ, ಬೆಲ್ಟ್ ಬೆಲ್ಟ್ ಅಂತ ಕಂಡಕ್ಟರ್ ಕೂಗಿದ. ಎಲ್ಲರೂ ತಡಕಾಡಿದರು. ಒಬ್ಬರ ಬೆಲ್ಟಿಗೆ ಬಕಲ್ ಇಲ್ಲ, ಇನ್ನೊಬ್ಬರ ಬಕಲ್ಲಿಗೆ ಬೆಲ್ಟ್ ಇಲ್ಲ. ನನ್ನದನ್ನು ನಾನು ತೊಡೆಯ ಮೇಲೆ ಸುಮ್ಮನೆ ಎಳೆದುಕೊಂಡೆ, ಗಣಿತದ ಟೀಚರ್ ಆದರೇನಂತೆ.

ಪೊಲೀಸಿನವನು ಬಾಗಿಲು ತೆರೆದು ಸಾಲು ಸಾಲಾಗಿ ಎಳೆದೆಳೆದು ನೋಡಿದ. ನಮ್ಮ ಸಾಲಿಗೆ ಬಂದು ಬುಟ್ಟಿಯ ಮುಂದೆ ನಿಂತ. ಬುಟ್ಟಿಯ ಹಿಡಿಕೆಯೊಳಗಿಂದ ಬೆಲ್ಟ್ ಹಾದು ಟಕ್ಕಂತ ಕೂತಿತ್ತು. ಅವನು ಎರಡು ಸಲ ಎಳೆದ, ಬಿಚ್ಚಲಿಲ್ಲ. ಡ್ರೈವರನ ಕಡೆ ತಿರುಗಿ ಹೇಳಿದ: "ನಿನ್ನ ಗಾಡಿಯಲ್ಲಿ ಕಾನೂನು ಗೊತ್ತಿರುವುದು ಈ ಕೋಳಿಗೆ ಒಂದಕ್ಕೇ."

ನಿದ್ದೆಯ ಮದ್ದು

ಅತ್ತೆಗೆ ನಿದ್ದೆ ಬರುತ್ತಿರಲಿಲ್ಲ. ಧಾರವಾಡ ಕಡೆಯ ಡಾಕ್ಟರೊಬ್ಬರು ಇಲ್ಲೇ ಬಹಳ ವರ್ಷದಿಂದ ಇದ್ದಾರೆ, ಅವರ ಬಳಿ ಕರೆದುಕೊಂಡು ಹೋದೆವು.

"ಏನ್ ತ್ರಾಸ ಅದ ಅಮ್ಮಾ?"

"ಮಳೆ ಬರುತ್ತದೆ ಡಾಕ್ಟ್ರೇ. ಕೇಳುವುದಿಲ್ಲ."

ಡಾಕ್ಟರು ಕಿವಿ ಪರೀಕ್ಷೆಗೆ ಬರೆದುಕೊಟ್ಟರು. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆಯೂ ಆಯಿತು. ಇಪ್ಪತ್ತು ವರ್ಷದವಳ ಕಿವಿ ಅಂತ ವರದಿ ಬಂತು. ಅದನ್ನು ನೋಡಿಯೂ ಡಾಕ್ಟರು ಇರಲಿ ಅಂತ ನಿದ್ದೆ ಮಾತ್ರೆ ಬರೆದರು.

ವಾಪಸು ಬರುವಾಗ ಕಾರಿನಲ್ಲಿ ನನ್ನ ಗಂಡನಿಗೆ ಹೊಳೆಯಿತು. ಹೊಲದ ಮನೆಗೆ ತಗಡಿನ ಮಾಡು. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದಂಥ ಸದ್ದು. ನಲವತ್ತು ವರ್ಷ ಅದರ ಕೆಳಗೆ ಮಲಗಿದವರಿಗೆ ಈ ಕಾಂಕ್ರೀಟಿನ ಮಳೆ ಮಳೆಯೇ ಅಲ್ಲ. ಅವರು ಕಾರು ತಿರುಗಿಸಿ ಒಂದು ತಗಡು ಕೊಂಡರು. ಬಾಲ್ಕನಿಯ ಮೇಲೆ, ಅತ್ತೆಯ ಕಿಟಕಿಯ ಪಕ್ಕಕ್ಕೆ ಕಟ್ಟಿಸಿದರು.

ಮೊದಲ ಮಳೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ. ಚರ್ಚಿನಿಂದ ನಾಲ್ವರು ಹೆಂಗಸರು ಅತ್ತೆಯ ಆರೋಗ್ಯ ವಿಚಾರಿಸಲು ಬಂದು ಅವರ ಕೋಣೆಯಲ್ಲಿ ಕೂತಿದ್ದರು. ತಗಡಿನ ಮೇಲೆ ಹನಿ ಬಿದ್ದದ್ದೇ ತಡ, ಅತ್ತೆ ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಕೂತಲ್ಲೇ ಮಲಗಿಬಿಟ್ಟರು. ಅತಿಥಿಗಳು ಒಬ್ಬರಿಗೊಬ್ಬರು ಕಿರುಚಿಕೊಂಡು ಮಾತಾಡಿದರು, ಕಿರುಚಿಕೊಂಡೇ ಕೇಕ್ ತಿಂದು ಹೋದರು. ಅತ್ತೆ ಏಳಲಿಲ್ಲ.

ವಾರ ಬಿಟ್ಟು ಡಾಕ್ಟರು ಫೋನ್ ಮಾಡಿದರು. "ನಿದ್ದಿ ಬಂತೇನು? ಎಷ್ಟು ಕೊಟ್ರಿ?"

"ಒಂದೇ ಡಾಕ್ಟ್ರೇ," ಅಂದರು ನನ್ನ ಗಂಡ. "ಆರಡಿಯದು."

ತರಗತಿ

ನನ್ನ ಮಗಳಿಗೆ ಆಗ ಹತ್ತು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಳೆಯ ಕಾಲ ಕಂಡವರೊಬ್ಬರನ್ನು ತರಗತಿಗೆ ಕರೆತನ್ನಿ ಅಂತ ಅವಳ ಶಾಲೆಯಲ್ಲಿ ಹೇಳಿದ್ದರು. ಅವಳು ಅಜ್ಜಿಗೆ ತಾಕೀತು ಮಾಡಿದಳು: ಅಜ್ಜಿ ಕನ್ನಡದಲ್ಲೇ ಹೇಳಬೇಕು, ತಾನು ಇಂಗ್ಲಿಷ್ ಮಾಡುತ್ತೇನೆ.

ಅತ್ತೆ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಹೋಗಿ ನನ್ನ ಗಂಡ ಹುಟ್ಟಿದ ಕಥೆ ಹೇಳಿದರು. ನೋವು ಶುರುವಾದದ್ದು, ಮಾವ ಟ್ರಾಕ್ಟರ್ ಹೊರಡಿಸಲು ಹೋದರೆ ಅದು ಹೊರಡದೆ ಇದ್ದದ್ದು, ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಹೊರಟದ್ದು, ಹೊಳೆಯ ಸೇತುವೆ ಕೊಚ್ಚಿಹೋಗಿದ್ದದ್ದು, ಸುರಿಯುವ ಮಳೆಯಲ್ಲಿ ಗಾಡಿಯೊಳಗೇ ಮಗು ಹುಟ್ಟಿದ್ದು, ಎತ್ತುಗಳು ಹಿಂದಿರುಗಿ ನೋಡಿದ್ದು. ಹತ್ತು ನಿಮಿಷ ಹೇಳಿದರು. ಹಿಂದೆ ನಿಂತಿದ್ದ ನನ್ನ ಕಣ್ಣು ತುಂಬಿತು. ಟೀಚರು ಮಗಳ ಕಡೆ ನೋಡಿದರು.

"ಶೀ ಸೇಸ್ ಇಟ್ ವಾಸ್ ರೇನಿಂಗ್," ಅಂದಳು ಮಗಳು.

ಅತ್ತೆ ಮೊಮ್ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೊದಲಿನಿಂದ ಸ್ವಾಹಿಲಿಯಲ್ಲಿ ಶುರು ಮಾಡಿದರು. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮಾರನೇ ದಿನ ಮಗಳನ್ನು ಬಿಡಲು ಹೋದ ನನ್ನ ಗಂಡನನ್ನು ನೋಡಲು ಇಡೀ ತರಗತಿ ಕಿಟಕಿಗೆ ಬಂದಿತ್ತು. ಗಾಡಿಯಲ್ಲಿ ಹುಟ್ಟಿದವನು ಟೈ ಕಟ್ಟಿಕೊಂಡಿರುವುದು ಅವರಿಗೆ ಅಷ್ಟು ಸರಿಬರಲಿಲ್ಲವಂತೆ.

ಸಾಲು

ಒಂದು ವರ್ಷ ಬಿತ್ತನೆಯ ಕಾಲ ಬಂದಾಗ ಅತ್ತೆ ಊಟ ಕಡಿಮೆ ಮಾಡಿದರು. ಏನು ಕೇಳಿದರೂ ಎಂತ ಇಲ್ಲ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ನನ್ನ ಗಂಡ, "ಹೊಲ ನೋಡಿ ಬರೋಣವಾ?" ಅಂದರು. ಅತ್ತೆ ಹೋಗಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. ದಾರಿಯುದ್ದಕ್ಕೂ ನಮಗೆ ಭಯ. ಅಲ್ಲಿ ಕಂಡದ್ದನ್ನು ತಡೆದುಕೊಳ್ಳುತ್ತಾರೋ ಇಲ್ಲವೋ, ವಾಪಸು ಕಾರು ಹತ್ತುತ್ತಾರೋ ಇಲ್ಲವೋ.

ಮೊದಲು ಚರ್ಚಿನ ಹಿಂದೆ ಮಾವನ ಸಮಾಧಿಗೆ ಹೋದೆವು. ಅತ್ತೆ ಹುಲ್ಲು ಕಿತ್ತು, ಕೈ ಒರೆಸಿಕೊಂಡು ಕೊಂಕಣಿಯಲ್ಲಿ ಏನೋ ಹೇಳಿದರು. ನನ್ನ ಗಂಡ ಮುಖ ತಿರುಗಿಸಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ, ನೋಡಿದರೆ ನಗುವನ್ನೂ ತಡೆಯುತ್ತಿದ್ದರು. ಅತ್ತೆ ಹೇಳಿದ್ದು ಇಷ್ಟೇ: "ಹರಡಿಕೊಂಡು ಮಲಗಬೇಡಿ. ಪಕ್ಕದಲ್ಲಿ ನನಗೂ ಜಾಗ ಇರಲಿ."

ಹೊಲದ ಈಗಿನ ಯಜಮಾನರು ನಿವೃತ್ತ ಹೆಡ್‌ಮಾಸ್ಟರು, ಮರ್ಯಾದಸ್ಥರು. ಗೇಟಿಗೆ ಬಂದು ಅತ್ತೆಯ ಎರಡೂ ಕೈ ಹಿಡಿದು ಕರೆದೊಯ್ದರು. ಹೊಲದಲ್ಲಿ ಹತ್ತು ಜನ ಗುದ್ದಲಿ ಹಿಡಿದು ಬೀಜಕ್ಕೆ ಕುಳಿ ತೆಗೆಯುತ್ತಿದ್ದರು. ದೂರದ ಮರದ ಕೆಳಗೆ ಮುದುಕನೊಬ್ಬ ಆ ಕಡೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ. ಅತ್ತೆ ಬದುವಿನ ಮೇಲೆ ನಿಂತು ನೋಡಿದರು. ಬಹಳ ಹೊತ್ತು ನೋಡಿದರು. ನನ್ನ ಗಂಡ ಅವರ ತೋಳು ಹಿಡಿದುಕೊಂಡರು.

ಅತ್ತೆ ತೋಳು ಬಿಡಿಸಿಕೊಂಡು ಹೊಲದ ಆ ತುದಿಗೆ ಕೇಳುವಂತೆ ಸ್ವಾಹಿಲಿಯಲ್ಲಿ ಕೂಗಿದರು: "ಈ ಸಾಲು ಹೊಡೆದದ್ದು ಯಾರು? ಮನುಷ್ಯರಾ, ಹಾವಾ?"

ಹತ್ತು ಜನ ತಲೆಯೆತ್ತಿ ಸುಮ್ಮನೆ ನೋಡಿದರು. ಮರದ ಕೆಳಗಿನ ಮುದುಕ ಮಾತ್ರ ಲೋಟ ಬಿಸಾಕಿ ಎದ್ದ, ಕೋಲನ್ನು ಅಲ್ಲೇ ಬಿಟ್ಟು ಓಡಿಬಂದ, ಪಕ್ಕದವನ ಕೈಯಿಂದ ಗುದ್ದಲಿ ಕಿತ್ತುಕೊಂಡು ಬಗ್ಗಿ ಅಗೆಯತೊಡಗಿದ.

ಹೆಡ್‌ಮಾಸ್ಟರಿಗೆ ದಿಗ್ಭ್ರಮೆ. "ಇವನು ನನ್ನ ಆಳಲ್ಲ. ದಿನಾ ಬಂದು ಚಹಾ ಕುಡಿದು ಹೋಗುತ್ತಾನೆ ಅಷ್ಟೇ. ಬಗ್ಗಿದ್ದನ್ನೇ ನಾನು ನೋಡಿಲ್ಲ."

ಅವನು ಅತ್ತೆಯ ಹಳೆಯ ಮೇಸ್ತ್ರಿ. ಪೊದೆ ಕಡಿದ ಮೊದಲ ದಿನದಿಂದ ಜೊತೆಗಿದ್ದವನು. ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು.

ಅತ್ತೆ ಮಣ್ಣಿಗೆ ಇಳಿದು ಹೋಗಿ ಅವನ ಹೆಗಲು ಮುಟ್ಟಿದರು. ಅವನು ನೆಟ್ಟಗಾಗಿ ನೋಡಿದ. ಇಬ್ಬರೂ ಕೈ ಹಿಡಿದುಕೊಂಡು ನಿಂತರು, ಇಬ್ಬರ ಕಣ್ಣಲ್ಲೂ ನೀರು. ಹೆಡ್‌ಮಾಸ್ಟರು ಟೋಪಿ ತೆಗೆದರು.

ಕೊನೆಗೆ ಮುದುಕ ಕೇಳಿದ: "ಮಾಮಾ, ವಾಪಸು ಬಂದುಬಿಟ್ಟೆಯಾ?"

"ಇಲ್ಲಪ್ಪ. ನೋಡಿ ಹೋಗಲು ಬಂದೆ. ಸಂಜೆಗೆ ಹೊರಡಬೇಕು."

ಅವನು ಅತ್ತೆಯನ್ನು ನೋಡಿದ, ತಾನು ಅಗೆದ ಕುಳಿಗಳನ್ನು ನೋಡಿದ, ಗುದ್ದಲಿಯನ್ನು ಮೆಲ್ಲಗೆ ಕೆಳಗಿಟ್ಟ.

"ಅದನ್ನು ಮೊದಲೇ ಹೇಳಬಾರದಿತ್ತಾ?" ಅಂದ. "ಅರ್ಧ ಲೋಟ ಚಹಾ ಇತ್ತು."