ಬಿಳಿ ಚುಕ್ಕೆಯವಳು

ನನ್ನ ಗಂಡ ಪುಕ್ಕಲ. ಇದು ಬೈಗುಳವಲ್ಲ, ನಲವತ್ತೊಂದು ವರ್ಷಗಳ ಅವಲೋಕನ. ಜಿರಳೆ ಕಂಡರೆ ಕುರ್ಚಿ ಹತ್ತುವ ಆಸಾಮಿ! ಇಂಥವರ ಎದುರಿಗೇ, ಊಟದ ಮೇಜಿನ ಮೇಲೆ ಇರುವೆಗಳ ಸಾಮ್ರಾಜ್ಯ ಸಾಕುತ್ತೇನೆ, ಒಬ್ಬ ಪ್ರಜೆಯೂ ಗಡಿ ದಾಟುವುದಿಲ್ಲ ಎಂದು ನಾನು ಘೋಷಿಸಿದ್ದೆ.

ಈ ಜಾತಿಗೆ ರಾಣಿಯೇ ಇಲ್ಲ. ಎಲ್ಲರೂ ಕೆಲಸಗಾತಿಯರು. ಒಬ್ಬಳು ಮಾತ್ರ ಗಂಡಿನೊಡನೆ ಕೂಡಿ ಮೊಟ್ಟೆಯಿಡುತ್ತಾಳೆ. ಹೊಸದಾಗಿ ಹುಟ್ಟಿದವರ ಬೆನ್ನ ಮೇಲಿನ ಎರಡು ಪುಟ್ಟ ಮೊಗ್ಗುಗಳನ್ನು ಕಚ್ಚಿ ಕೀಳುತ್ತಾಳೆ. ಮೊಗ್ಗು ಹೋದವಳಿಗೆ ಮದುವೆಯಿಲ್ಲ. ಈ ಯಜಮಾನಿ ಹೋದರೆ ಉಳಿದವರು ಹೆರುವುದು ಬರೀ ಗಂಡುಗಳನ್ನು. ಗಂಡಿರುವೆ ಮನೆಗೆಲಸ ಮಾಡುವುದಿಲ್ಲ, ಗೂಡು ಮುಗಿದಂತೆಯೇ! ಅದಕ್ಕೇ ಅವಳ ಬೆನ್ನಿಗೆ ಬಿಳಿ ಚುಕ್ಕೆ ಇಟ್ಟಿದ್ದೆ.

ನದಿಯ ಆಚೆ ದಡದಲ್ಲಷ್ಟೇ ಇದೆಯೆಂದು ಎಲ್ಲರೂ ನಂಬಿದ್ದ ಜಾತಿಯನ್ನು ಈಚೆ ದಡದಲ್ಲಿ ಹಿಡಿದವಳು ನಾನು. ನಾಲ್ಕು ಗಂಟೆಗೆ ನನ್ನ ಹಳೆಯ ಶಿಷ್ಯೆ ಬಂದು ಗೂಡನ್ನು ಪ್ರಯೋಗಾಲಯಕ್ಕೆ ಒಯ್ಯುವವಳಿದ್ದಳು.

ಮೂರಕ್ಕೆ ನೋಡಿದರೆ, ಸಾಮ್ರಾಜ್ಯ ಮೇಜಿನ ಕಾಲಿಳಿಯುತ್ತಿದೆ! ಹತ್ತಿದವರು ಜಾರಲೆಂದು ಗಾಜಿನ ಪೆಟ್ಟಿಗೆಯ ಅಂಚಿಗೆ ಬಳಿದಿದ್ದ ಪೌಡರ್ ಮಾಯ.

"ಅಂಚು ಒರೆಸಿದ್ದು ಯಾರ್ರೀ?"

"ಅದು... ಬೆಳಿಗ್ಗೆ ನೀನೇ..."

"ಬಾಯಿ ಮುಚ್ಚಿ! ಅಲುಗಾಡಬೇಡಿ! ತುಳಿದುಬಿಟ್ಟೀರಿ!"

ಕುಂಚ ಹಿಡಿದು ನೆಲದ ಮೇಲೆ ತೆವಳಿದೆ. ಮಂಡಿ ಎರಡೂ ಪ್ರತಿಭಟಿಸಿದವು. ಕುರ್ಚಿಯಡಿ, ಚಪ್ಪಲಿಯೊಳಗೆ, ಕನ್ನಡಕದ ಡಬ್ಬಿಯಲ್ಲಿ, ಒಬ್ಬೊಬ್ಬರನ್ನೇ ಹೆಕ್ಕಿದೆ. ಚುಕ್ಕೆಯವಳು ಮಾತ್ರ ಇಲ್ಲ.

"ಕಂಬದ ಹಾಗೆ ನಿಂತಿದ್ದೀರಲ್ಲ, ಟಾರ್ಚಾದರೂ ಹಿಡೀಬಾರ್ದಾ?"

ಅವರು ಇಲ್ಲವೆಂದು ತಲೆಯಾಡಿಸಿದರು. ಹಣೆಯಲ್ಲಿ ಬೆವರು, ಬಲಗೈ ಮುಷ್ಟಿ.

"ಇರುವೆಗೆ ಹೆದರಿ ಮುಷ್ಟಿ ಬೇರೆ! ಗಂಡಸಂತೆ!"

ಗಡಿಯಾರದಲ್ಲಿ ನಾಲ್ಕಕ್ಕೆ ಐದೇ ನಿಮಿಷ ಬಾಕಿ. ನಾನು ನೆಲದ ಮೇಲೇ ಕುಸಿದೆ.

"ಮುಗೀತು. ಆ ಹುಡುಗಿಗೆ ಯಾವ ಮುಖ ತೋರಿಸಲಿ?"

"ಈಗ ಮಾತಾಡಬಹುದಾ?" ಎಂದರು ಮೆಲ್ಲಗೆ.

ಮುಷ್ಟಿ ಬಿಚ್ಚಿತು. ಪೂರಿಯಂತೆ ಊದಿದ ಅಂಗೈ. ಅದರ ನಡುವೆ ಬಿಳಿ ಚುಕ್ಕೆಯವಳು ಠೀವಿಯಿಂದ ಮೀಸೆ ತಿರುವುತ್ತಿದ್ದಳು.

"ಕುಟುಕಿದಳಾ?"

"ಮೂರು ಸಲ. ಮೇಜಿನಿಂದ ಬೀಳ್ತಿದ್ದಳು, ಹಿಡ್ಕೊಂಡೆ."

"ಹೇಳೋದಲ್ವೇನ್ರೀ!"

"ಬಾಯಿ ಮುಚ್ಚಿ ಅಂದ್ಯಲ್ಲ."

ಅವಳನ್ನು ಪೆಟ್ಟಿಗೆಗೆ ಇಳಿಸುತ್ತಿದ್ದಂತೆ ಕರೆಗಂಟೆ ಸದ್ದಾಯಿತು. ಇವರು ನನ್ನ ಹೆಗಲ ಮೇಲಿಂದ ಏನನ್ನೋ ಎಳೆದುಕೊಂಡರು. ನಾನೇ ಬೆಳಿಗ್ಗೆ ಪೆಟ್ಟಿಗೆ ಒರೆಸಿದ ಬಟ್ಟೆ, ಪೌಡರ್ ಮೆತ್ತಿಕೊಂಡು ಬೆಳ್ಳಗಿತ್ತು. ಅದನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಬಾಗಿಲು ತೆರೆದರು.

"ಸರ್, ಕೈಗೆ ಏನಾಯ್ತು?" ಎಂದಳು ಶಿಷ್ಯೆ.

"ಏನಿಲ್ಲಮ್ಮ. ಇರುವೆ ನೋಡಿ ಹೆದರಿ ಓಡಿದೆ, ಬಾಗಿಲಿಗೆ ಸಿಕ್ಕಿಸ್ಕೊಂಡೆ."